ರೇಡಿಯೋ ಹೊಟ್ಟೆಯೊಳಗಿನ ಕಂಪ್ಯೂಟರು

ಹುಣಸೂರಿನಿಂದ ಬೆಟ್ಟದಪುರಕ್ಕೆ ಹೊರಟ ಬಸ್ಸಿನಲ್ಲಿ ಲಿಂಗರಾಜು ತನ್ನ ಕಂಪ್ಯೂಟರನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು, ಅದರ ನೆತ್ತಿ ಸವರುತ್ತಾ ಬರುತ್ತಿದ್ದ. ಕೂಸಿನ ಬೆನ್ನಿನ ಕಿಂಡಿಯಿಂದ ಒಂದು ಜಿರಲೆ ಹೊರಗೆ ಬಂದು, ಮೀಸೆ ತಿರುವಿ, ಸುತ್ತಲಿನ ಪ್ರಯಾಣಿಕರನ್ನು ಪರಾಮರ್ಶಿಸಿತು. ಬಸ್ಸು ಅದಕ್ಕೆ ಒಪ್ಪಿಗೆಯಾಗಿರಬೇಕು. ಮತ್ತೆ ಒಳಗೆ ಹೋಗಿ ಸಂಸಾರವನ್ನೆಲ್ಲ ಕರೆದುಕೊಂಡು ಬಂತು!

ಪಕ್ಕದ ಸೀಟಿನ ಹೆಂಗಸು ಟೊಮ್ಯಾಟೊ ಬುಟ್ಟಿಯ ಸಮೇತ ಎದ್ದು ನಿಂತಳು. ಬುಟ್ಟಿ ಮಗುಚಿತು. ಹಣ್ಣುಗಳು ಡ್ರೈವರಿನ ಕಾಲಿನವರೆಗೂ ಮೆರವಣಿಗೆ ಹೊರಟವು. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿದ.

“ಏನ್ರೀ ಅದು ಡಬ್ಬ?”

“ಡಬ್ಬ ಅಲ್ಲ ಕಣ್ರೀ, ಕಂಪ್ಯೂಟರ್ ಇದು!” ಎಂದ ಲಿಂಗರಾಜು, ಅವಮಾನದ ನಡುವೆಯೂ ಎದೆ ಉಬ್ಬಿಸಿ.

“ಕಂಪ್ಯೂಟರ್‌ಗೆ ವೈರಸ್ ಬತ್ತದೆ ಅಂತ ಕೇಳಿದ್ದೆ ಸ್ವಾಮಿ. ಕಾಲು, ಮೀಸೆ ಇರೋ ವೈರಸ್ ಇವತ್ತೇ ನೋಡ್ತಿರೋದು!”

ಬಸ್ಸಿಗೆ ಬಸ್ಸೇ ನಕ್ಕಿತು. ಲಿಂಗರಾಜು ಮಾತ್ರ ಟೊಮ್ಯಾಟೊ ಆಯುತ್ತಾ, ‘ನಗ್ರಪ್ಪ, ನಗ್ರಿ. ನಾಳೆ ನಮ್ಮನೇಲಿ ನಡೆಯೋ ಪವಾಡ ನೋಡೋಕೆ ಟಿಕೆಟ್ ತಗೊಂಡು ಬರ್ತೀರಿ’ ಎಂದು ಒಳಗೊಳಗೇ ಶಪಥ ಮಾಡಿದ.

ಪವಾಡದ ಯೋಜನೆ ಸಣ್ಣದೇನಲ್ಲ. ಹುಣಸೂರಿನಲ್ಲಿ ಒಂದು ಸೈಬರ್ ಸೆಂಟರು ಬಾಗಿಲು ಹಾಕುತ್ತಿತ್ತು. ಅಲ್ಲಿನ ಕಂಪ್ಯೂಟರುಗಳಲ್ಲಿ ಯಾರಿಗೂ ಬೇಡವಾದದ್ದನ್ನು ಲಿಂಗರಾಜು ಅಗ್ಗಕ್ಕೆ ಹಿಡಿದಿದ್ದ. ಅದನ್ನು ಮನೆಯ ಟಿ.ವಿ.ಗೆ ಗಂಟು ಹಾಕಿ, ಹಾಡು, ಸಿನಿಮಾ, ಫೋಟೊ ಎಲ್ಲವೂ ಒಂದೇ ಪೆಟ್ಟಿಗೆಯಿಂದ ಬರುವ ಹಾಗೆ ಮಾಡಬೇಕು. ದುಡ್ಡು ಖರ್ಚಾಗಬಾರದು! ಆ ವರ್ಷದ ದುಡ್ಡೆಲ್ಲ ಇನ್ನೂ ಹಿತ್ತಿಲಾಚೆಯ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸಿ ಒಣಗಿಸುವ ಮನೆಯಲ್ಲಿ, ಹೊಗೆಸೊಪ್ಪಿನ ರೂಪದಲ್ಲಿ ಬೇಯುತ್ತಿತ್ತು. ಪಿ.ಯು.ಸಿ.ಯಲ್ಲಿ ಸೈನ್ಸ್ ತೆಗೆದುಕೊಂಡು, ಅದು ತಿರುಗಿ ಏನನ್ನೂ ಕೊಡದೇ ಹೋದರೂ, ಊರಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಂಪ್‌ಸೆಟ್ಟುಗಳ ಮೇಲೆ ಅದರ ಸೇಡು ತೀರಿಸಿಕೊಂಡು ಬಂದ ಮನುಷ್ಯ ಲಿಂಗರಾಜು. ಅವನಿಗೆ ಇದು ಯಾವ ಮಹಾ!

ಆದರೆ ಇಷ್ಟೆಲ್ಲ ಸಾಹಸಕ್ಕೆ ಕಾರಣ ಸಿನಿಮಾ ಅಲ್ಲ. ಕಾರಣ ಒಂದು ಹಾಡು. ಹಾಡೂ ಅಲ್ಲ, ಹಾಡಿನ ಮೂರನೆಯ ಸಾಲು.

ಅವನ ಹೆಂಡತಿ ಪ್ರಮೀಳಾ ಬೀಚನಹಳ್ಳಿಯ ಹುಡುಗಿ. ಅವಳ ತಾಯಿ ದೊಡ್ಡಮಾದಮ್ಮ ಹಾಡುಗಾತಿ. ಕಬಿನಿಯ ಆಚೆ ಈಚೆ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆಗೆ ಆಕೆಯೇ ಬರಬೇಕು. ಎಲ್ಲರಿಗೂ ಗೊತ್ತಿರುವ ಸೋಬಾನೆಗಳನ್ನೆಲ್ಲ ಹಾಡಿ ಮುಗಿಸಿದ ಮೇಲೆ, ಹುಡುಗಿ ತವರಿನ ಹೊಸಿಲು ದಾಟುವ ಹೊತ್ತಿಗೆ, ಆ ಹುಡುಗಿಗೆಂದೇ ಅಲ್ಲೇ ನಿಂತಲ್ಲೇ ಒಂದು ಹೊಸ ಪದ ಕಟ್ಟಿ ಹಾಡುವುದು ಆಕೆಯ ಪದ್ಧತಿ. ಒಬ್ಬಳಿಗೆ ಕಟ್ಟಿದ್ದನ್ನು ಇನ್ನೊಬ್ಬಳಿಗೆ ಹಾಡುತ್ತಿರಲಿಲ್ಲ. ಬರೆದಿಡುವ ಮಾತಂತೂ ದೂರವೇ ಉಳಿಯಿತು. ತನ್ನ ಮಗಳ ಸರದಿ ಬಂದಾಗಲೂ ದೊಡ್ಡಮಾದಮ್ಮ ಹಾಡಿದಳು:

“ಹಿತ್ತಿಲ ಹೀರೆಬಳ್ಳಿ ಹಂದರ ದಾಟೀತು,
ಎತ್ತ ಹೊಂಟೀಯೆ ನನ ಕಂದ...”

ಇಷ್ಟು ಕೇಳಿಸಿದ್ದೇ ತಡ, ಪ್ರಮೀಳಾ ಕಿತ್ತುಕೊಂಡು ಬಂದ ಅಳುವನ್ನು ತಡೆಯಲಾರದೆ ಬಾಯಿ ತೆರೆದುಬಿಟ್ಟಳು. ಆ ಅಳುವಿನಲ್ಲಿ ಮುಂದಿನದ್ದೆಲ್ಲ ಮುಳುಗಿಹೋಯಿತು. ತನಗೆಂದೇ ಕಟ್ಟಿದ ಹಾಡನ್ನು ತಾನೇ ಅತ್ತು ಮುಳುಗಿಸಿದವಳು ಇಡೀ ತಾಲ್ಲೂಕಿಗೆ ಅವಳೊಬ್ಬಳೇ! ಆಮೇಲೆ ಹೋದಾಗಲೆಲ್ಲ, “ಅವ್ವ, ಮುಂದ್ಕೆ ಏನಂದೆ, ಯೋಳವ್ವ” ಎಂದು ಗೋಗರೆದಳು. ದೊಡ್ಡಮಾದಮ್ಮ ನಕ್ಕು, “ಅಂಗೆಲ್ಲ ಕೇಳ್ದಾಗ ಬತ್ತದ ಮಗ ಅದು?” ಎಂದು ಸುಮ್ಮನಾಗುತ್ತಿದ್ದಳು. ಹಾಗೆ ಸುಮ್ಮನಾಗುತ್ತಾ ಆಗುತ್ತಾ, ಹೋದ ಬೇಸಿಗೆಯಲ್ಲಿ ಪೂರ್ತಿ ಸುಮ್ಮನಾಗಿಬಿಟ್ಟಳು.

ಈಗ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹೆಂಗಸರು ಸಾಲಾಗಿ ಕುಳಿತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುವಾಗ ಪ್ರಮೀಳಾ ಆ ಎರಡು ಸಾಲು ಗುನುಗುತ್ತಾಳೆ. ಎರಡನೆಯದರ ಕೊನೆಗೆ ಬಂದು ನಿಲ್ಲುತ್ತಾಳೆ. ದಾರ ಹಿಡಿದ ಬೆರಳೂ ನಿಲ್ಲುತ್ತದೆ. ಉಳಿದ ಹೆಂಗಸರೂ ಎಲೆ ಹಿಡಿದು ಕಾಯುತ್ತಾರೆ. ಏನೂ ಬರುವುದಿಲ್ಲ. ಆಮೇಲೆ ಯಾರಾದರೂ ಕೆಮ್ಮುತ್ತಾರೆ, ಕೆಲಸ ಮುಂದುವರಿಯುತ್ತದೆ. ಆ ನಿಲುಗಡೆಯನ್ನು ಕೇಳಿ ಕೇಳಿ ಲಿಂಗರಾಜುವಿಗೆ ಊಟ ರುಚಿಸದಂತಾಯಿತು. ಒಮ್ಮೆ ತಾನೇ ಕವಿಯಾಗಿ, “ಹತ್ತೂವರೆ ಬಸ್ಸು ಹೊರಟೀತು” ಎಂದು ಮೂರನೆಯ ಸಾಲು ಹಚ್ಚಿಯೂ ನೋಡಿದ. ಹೆಂಗಸರು ನಕ್ಕರು. ಪ್ರಮೀಳಾ ನಗಲಿಲ್ಲ.

ಆಗ ನೆನಪಾಯಿತು, ಮದುವೆಯ ವಿಡಿಯೋ ಕ್ಯಾಸೆಟ್ಟು! ತೆಗೆಸಿದ ಹೊಸತರಲ್ಲಿ ವಿ.ಸಿ.ಪಿ. ಬಾಡಿಗೆಗೆ ತಂದು ಒಂದೇ ಒಂದು ಸಲ ನೋಡಿದ್ದರು. ಅವತ್ತು ಊರಿಗೆ ಊರೇ ಟಿ.ವಿ. ಮುಂದೆ ಕುಳಿತು, “ನೋಡ್ಲಾ ನಾನು! ನೋಡು ನಮ್ಮ ಚಿಕ್ಕಪ್ಪ!” ಎಂದು ಕೂಗುತ್ತಿದ್ದುದರಿಂದ ಒಂದಕ್ಷರ ಕೇಳಿಸಿರಲಿಲ್ಲ. ಆಮೇಲೆ ಕ್ಯಾಸೆಟ್ಟು ಸೀರೆಗಳ ನಡುವೆ ಟ್ರಂಕಿನಲ್ಲಿ ಮಲಗಿತ್ತು.

“ಪ್ರಮೀಳಾ,” ಎಂದು ಲಿಂಗರಾಜು ಸಿಂಹಾಸನದ ಮೇಲಿಂದ ಘೋಷಿಸುವಂತೆ ಘೋಷಿಸಿದ, “ನಿಮ್ಮವ್ವನ ಮೂರನೇ ಸಾಲನ್ನ ನಿನ್ನ ಕಿವಿಗೆ ಹಾಕದೇ ಹೋದ್ರೆ, ನಾನು ಚಿಕ್ಕಬೀರಯ್ಯನ ಮಗನೇ ಅಲ್ಲ!”

ಜಗಲಿಯಲ್ಲಿದ್ದ ಚಿಕ್ಕಬೀರಯ್ಯ ತಲೆಯೆತ್ತಿ, “ನನ್ಯಾಕ್ಲಾ ಎಳೀತೀಯ ಮಧ್ಯಕ್ಕೆ?” ಎಂದ.

ಪ್ರಮೀಳಾ ಎದ್ದು ಒಳಗೆ ಹೋದಳು. ಟ್ರಂಕಿನಿಂದ ಕ್ಯಾಸೆಟ್ಟು ತೆಗೆದು, ಸೆರಗಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಅವನ ಕೈಗಿಟ್ಟಳು. ಲಿಂಗರಾಜುವಿಗೆ ಅದು ಇದ್ದದ್ದಕ್ಕಿಂತ ಭಾರವಾಗಿ ಕಂಡಿತು.

ಮನೆಗೆ ಬಂದ ಕಂಪ್ಯೂಟರಿಗೆ ಮೊದಲ ತೊಡಕು ಜಾಗದ್ದು. ಸೊಪ್ಪಿನ ಕಾಲದಲ್ಲಿ ಮನೆಯೊಳಗೆ ಮನುಷ್ಯರೇ ಓರೆಯಾಗಿ ನಡೆಯಬೇಕು. ಒಂದು ಮೂಲೆಯಲ್ಲಿ ಕಡ್ಡಿ, ಇನ್ನೊಂದರಲ್ಲಿ ದಾರ, ಮಂಚದ ಮೇಲೆ ಬೆಂದ ಸೊಪ್ಪು. ಇದ್ದ ಒಂದೇ ಜಾಗ ಟಿ.ವಿ. ಕೂತಿದ್ದ ಶೋಕೇಸು. ಅದರ ಖಾನೆಯೊಳಗೆ ಕಂಪ್ಯೂಟರಿನ ಗೋಪುರದಂಥ ಪೆಟ್ಟಿಗೆ ನಿಂತರೂ ಹೋಗಲಿಲ್ಲ, ಮಲಗಿದರೂ ಹೋಗಲಿಲ್ಲ.

“ಎಲ್ರೀ ಇಡ್ತೀರಾ ಇದನ್ನ? ನನ್ನ ತಲೆ ಮೇಲಾ?” ಎಂದಳು ಪ್ರಮೀಳಾ.

“ಪೆಟ್ಟಿಗೆ ಯಾಕೆ ಬೇಕು? ಒಳಗಿನದ್ದು ಮುಖ್ಯ!” ಎಂದು ಲಿಂಗರಾಜು ಅಧ್ಯಾತ್ಮ ನುಡಿದ. ನುಡಿಯುವಾಗಲೇ ಅವನ ಕಣ್ಣು ಶೋಕೇಸಿನ ಕೆಳಗಿನ ಖಾನೆಯಲ್ಲಿದ್ದ ಅಪ್ಪನ ಮರದ ರೇಡಿಯೋ ಮೇಲೆ ಬಿತ್ತು. ಎಷ್ಟೋ ವರ್ಷದಿಂದ ಉಸಿರಿಲ್ಲದೆ, ಆದರೂ ಗತ್ತು ಬಿಡದೆ ಕೂತಿದ್ದ ರೇಡಿಯೋ. ಬೆನ್ನ ಹಲಗೆ ತೆಗೆದು, ಒಳಗಿನ ವಾಲ್ವು, ವೈರು, ಇಲಿಯ ಗೂಡು ಎಲ್ಲ ಹೊರಹಾಕಿದರೆ, ಆಹಾ! ಅಳತೆ ಕೊಟ್ಟು ಮಾಡಿಸಿದಂತಿತ್ತು. ಕಂಪ್ಯೂಟರಿನ ಕರುಳನ್ನೆಲ್ಲ ಅದರೊಳಗಿಟ್ಟು, ಹಲಗೆಗೆ ಸ್ಕ್ರೂ ಬಿಗಿದ.

“ಏನದು ಹಸಿರು ಹಲಗೆ?” ಎಂದಳು ಪ್ರಮೀಳಾ.

“ಮದರ್‌ಬೋರ್ಡು ಕಣೆ. ಮದರ್‌ಬೋರ್ಡು ಬಂದಾಯ್ತು. ಇನ್ನೇನಿದ್ರೂ ಮದರ್ರು ಬರೋದೊಂದೇ ಬಾಕಿ!”

ಇಂಗ್ಲಿಷು ಹೆಚ್ಚು ಬಾರದ ಪ್ರಮೀಳಾಗೆ ಈ ತಮಾಷೆ ಮಾತ್ರ ಥಟ್ಟನೆ ಅರ್ಥವಾಯಿತು. ತುಟಿಯಂಚು ಸ್ವಲ್ಪ ಸರಿಯಿತು. ಆ ಬೇಸಿಗೆಯಿಂದ ಈಚೆಗೆ ಲಿಂಗರಾಜು ಕಂಡ ಮೊದಲ ನಗು. ಅವನಿಗೆ ಇನ್ನಷ್ಟು ಸ್ಕ್ರೂ ಬಿಗಿಯುವ ಹುರುಪು ಬಂತು.

ಚಿಕ್ಕಬೀರಯ್ಯ ಬಂದು ನೋಡಿದವನು ಎದೆ ಹಿಡಿದುಕೊಂಡ. “ನನ್ನ ರೇಡಿಯೋ ಹೊಟ್ಟೆ ಬಗೆದ್ಬುಟ್ಟಲ್ಲೋ ಕಟುಕ!”

“ರಿಪೇರಿ ಮಾಡ್ತಾ ಇವ್ನಿ ಕಣಪ್ಪ.”

“ಅಂಗೆ ಯೋಳು ಮತ್ತೆ. ಪ್ರದೇಶ ಸಮಾಚಾರ ಬತ್ತದ?”

“ಎಲ್ಲಾ ಬತ್ತದೆ.”

ಅಂದಿನಿಂದ ಮುದುಕ ಗಂಟೆಗೊಮ್ಮೆ ಬಂದು ರೇಡಿಯೋದ ಹಳೆಯ ತಿರುಗುಣಿ ತಿರುಗಿಸಿ, ಕಿವಿಗೊಟ್ಟು, ಒಳಗಿನ ಫ್ಯಾನಿನ ಭರ್ ಸದ್ದು ಕೇಳಿ, “ಸ್ಟೇಷನ್ ಸರಿಯಾಗಿ ಸಿಗ್ತಾ ಇಲ್ಲ ಕಣ್ಲಾ” ಎಂದು ವರದಿ ಒಪ್ಪಿಸಿ ಹೋಗತೊಡಗಿದ. ಮರದ ಪೆಟ್ಟಿಗೆಯೊಳಗೆ ಶಾಖ ಏರುತ್ತಿತ್ತು. ಲಿಂಗರಾಜು ಬ್ಯಾರನ್ನಿನಲ್ಲಿದ್ದ ಥರ್ಮಾಮೀಟರೊಂದನ್ನು ತಂದು ರೇಡಿಯೋ ಒಳಗೆ ನೇತುಹಾಕಿದ. ಶಾಖ ಏರಿದರೆ ಬೆನ್ನ ಹಲಗೆ ತೆಗೆಯುವುದು, ಇಳಿದರೆ ಹಾಕುವುದು. ಜಗತ್ತಿನಲ್ಲಿ ಸೊಪ್ಪಿನ ಲೆಕ್ಕದಲ್ಲಿ ಬೆಂದ ಮೊದಲ ಕಂಪ್ಯೂಟರು ಅದೇ ಇರಬೇಕು!

ಇನ್ನು ಕ್ಯಾಸೆಟ್ಟು ಓಡಿಸುವ ವಿ.ಸಿ.ಪಿ. ಬೇಕು. ಅದಕ್ಕೆ ಪಿರಿಯಾಪಟ್ಟಣದಲ್ಲಿ ಮಾದೇಶನಿದ್ದ. ಲಿಂಗರಾಜುವಿನ ಸಹಪಾಠಿ, ಒಂದು ಕಾಲದಲ್ಲಿ ಆ ಸೀಮೆಯ ಮದುವೆಗಳನ್ನೆಲ್ಲ ಹೆಗಲ ಮೇಲಿನ ಕ್ಯಾಮೆರಾದಲ್ಲಿ ಹೊತ್ತವನು. ಇವರ ಮದುವೆಯನ್ನೂ ಅವನೇ ತೆಗೆದದ್ದು. ಈಗ ಮೊಬೈಲಿಗೆ ಕರೆನ್ಸಿ ಹಾಕುತ್ತಾ ಕೂತಿದ್ದ. ಅಟ್ಟದಿಂದ ವಿ.ಸಿ.ಪಿ. ಇಳಿಸಿ, ಧೂಳು ಊದಿ, ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು ನೋಡಿದ.

“ಲೇ, ಬೂಷ್ಟು ಹಿಡಿದದೆ ಕಣ್ಲಾ. ಬೆಳ್ಳಗೆ, ಉಪ್ಪಿನಕಾಯಿ ಮೇಲ್ ಬರ್ತದಲ್ಲ ಅಂಗೆ. ಒಳಗೆ ತೇವ ಅದೆ. ಒಣಗಿಸಿ ತತ್ತಾ. ಅದೂ ಒಂದೇ ಓಟ ತಡೀತದೆ ನೋಡು, ಎರಡನೇದಕ್ಕೆ ಪುಡಿಪುಡಿ.”

“ಒಂದೇ ಓಟ ಸಾಕು. ಓಡ್ತಾ ಇರೋ ಹಂಗೇ ಕಂಪ್ಯೂಟರ್ ಒಳಕ್ಕೆ ಇಳಿಸ್ಕೋತೀನಿ. ಆಮೇಲೆ ಬೇಕಾದ ಕಡೆ ನಿಲ್ಲಿಸ್ಬೋದು, ಬೇಕಾದಷ್ಟು ಸಲ ನೋಡ್ಬೋದು!”

“ನಿಂದು ತಲೆ ಕಣ್ಲಾ!” ಎಂದ ಮಾದೇಶ. ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಲಿಂಗರಾಜು ಹೊಗಳಿಕೆಯೆಂದೇ ಜಮಾ ಮಾಡಿಕೊಂಡ.

ಒಣಗಿಸುವುದು ಹೇಗೆ? ಹೊರಗೆ ಶ್ರಾವಣದ ಜಿಟಿಜಿಟಿ. ಬಿಸಿಲಿನ ಮುಖ ಕಂಡು ವಾರವಾಗಿತ್ತು. ಇನ್ನೊಬ್ಬರಾದರೆ ಒಲೆಯ ಪಕ್ಕವೋ ಅಕ್ಕಿಡಬ್ಬದೊಳಗೋ ಇಡುತ್ತಿದ್ದರು. ಹೊಗೆಸೊಪ್ಪಿನ ಬೇಸಾಯಗಾರನಿಗೆ ಹೊಳೆಯುವುದು ಒಂದೇ ಒಂದು! ಒಂದು ವಸ್ತುವಿನ ತೇವ ತೆಗೆಯಲು ಬ್ಯಾರನ್ನಿಗಿಂತ ಹದವಾದ ಜಾಗ ಈ ಭೂಮಂಡಲದಲ್ಲಿ ಉಂಟೇ? ಆಗಷ್ಟೇ ಹೊಸ ಸೊಪ್ಪು ತುಂಬಿ ಸಣ್ಣ ಉರಿ ಹಾಕಿದ್ದರು. ಎಲೆ ಹಸಿರಿನಿಂದ ಹಳದಿಗೆ ತಿರುಗುವ ಹೊತ್ತು, ಒಳಗೆ ಬೆಚ್ಚಗೆ ಬಾಣಂತಿ ಕೋಣೆಯಂಥ ಶಾಖ. ಲಿಂಗರಾಜು ಕ್ಯಾಸೆಟ್ಟನ್ನು ದಾರದಲ್ಲಿ ಕಟ್ಟಿ, ಎಲ್ಲಕ್ಕಿಂತ ಕೆಳಗಿನ ಕಡ್ಡಿಗೆ ಎಲೆಗಳ ನಡುವೆ ನೇತುಹಾಕಿ, ಬಾಗಿಲು ಎಳೆದುಕೊಂಡು ಬಂದ. ಸಂಜೆಗೆ ತೆಗೆದರಾಯಿತು.

ಸಂಜೆಗೆ ಪಕ್ಕದ ಬೀದಿಯ ಮಂಚಯ್ಯನ ಪಂಪ್‌ಸೆಟ್ಟು ಕೆಟ್ಟಿತು. ಕರೆ ಬಂತು. ರಾಜವೈದ್ಯ ಹೋಗದೆ ಇರುವುದುಂಟೆ? ಹೋದವನು ಪಂಪಿನ ಬಾಯಿಗೆ ಕೈ ಹಾಕಿಕೊಂಡು ಕುಳಿತು, ಕ್ಯಾಸೆಟ್ಟನ್ನು ಮರೆತ. ಮರುದಿನವೂ ಮರೆತ. ಅದರ ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಗಿ, ಬಾಯಿತುಂಬ ನೊರೆ ತುಂಬಿಕೊಂಡೇ ಬ್ಯಾರನ್ನಿಗೆ ಓಡಿದ.

ಚಿಕ್ಕಬೀರಯ್ಯ ಒಲೆಬಾಯಿಯ ಮುಂದೆ ಕುಳಿತು ದೊಡ್ಡ ತುಂಡುಗಳನ್ನು ತುರುಕುತ್ತಿದ್ದ. ಮುಖ ಕೆಂಡದ ಬೆಳಕಿನಲ್ಲಿ ಸಂತೃಪ್ತವಾಗಿತ್ತು. “ಬಾ ಮಗ, ಎಂಥಾ ಬಣ್ಣ ಬಂದದೆ ನೋಡು! ಎಲೆ ಮುಗೀತು. ಈಗ ದಂಟು ಒಣಗಿಸ್ತಾ ಇವ್ನಿ. ಒಳಗೆ ಕಾಲಿಟ್ರೆ ಹಪ್ಪಳ ಆಗೋಯ್ತೀಯ!”

ಹಪ್ಪಳ ಆಗಿದ್ದದ್ದು ಬೇರೆ.

ಕಡ್ಡಿಯಿಂದ ಬಿಚ್ಚಿ ತಂದಾಗ ಕ್ಯಾಸೆಟ್ಟಿನ ಕಪ್ಪು ಪ್ಲಾಸ್ಟಿಕ್ಕು ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಸೊಟ್ಟಗಾಗಿ, ಯಾರನ್ನೋ ಅಣಕಿಸುವ ಬಾಯಿಯಂತಿತ್ತು. ಘಮ್ಮೆಂದು ಮೊದಲ ದರ್ಜೆ ಸೊಪ್ಪಿನ ವಾಸನೆ ಬೇರೆ! ಬೂಷ್ಟೇನೋ ಹೋಗಿತ್ತು.

ತಿರುಗಿದರೆ ಹಿಂದೆ ಪ್ರಮೀಳಾ.

ಲಿಂಗರಾಜು ಬೈಗುಳಕ್ಕೆ ಬೆನ್ನು ಒಡ್ಡಿ ನಿಂತ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯುವುದರಲ್ಲಿ ಅವಳೇನು ಹಿಂದೆ ಬಿದ್ದವಳಲ್ಲ. ಆದರೆ ಅವಳು ಕ್ಯಾಸೆಟ್ಟನ್ನು ಇಸಿದುಕೊಂಡು, ಸೊಟ್ಟಗಾದ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ನೇರ ಮಾಡಲು ನೋಡಿ, ಅದು ಆಗದೆ, ಅವನ ಕೈಗೇ ವಾಪಸು ಕೊಟ್ಟಳು. ಚಪ್ಪರಕ್ಕೆ ಹೋಗಿ ಎಲೆ ಕಟ್ಟತೊಡಗಿದಳು. ಆ ದಿನ ಅವಳು ಗುನುಗಲಿಲ್ಲ. ಎರಡು ಸಾಲೂ ಇಲ್ಲ.

ಲಿಂಗರಾಜು ಬಾಯಿ ತೊಳೆಯದೆಯೇ ಪಿರಿಯಾಪಟ್ಟಣದ ಬಸ್ಸು ಹತ್ತಿದ.

“ಮಾದೇಶ, ನನ್ನ ಸಂಸಾರ ಉಳಿಸೋ!”

ಮಾದೇಶ ಸೊಟ್ಟ ಕ್ಯಾಸೆಟ್ಟು ನೋಡಿದ. ಮೂಸಿದ. ಮತ್ತೆ ಮೂಸಿದ. “ಇದನ್ನ ಹರಾಜಿಗೆ ಹಾಕ್ಲಾ, ಒಳ್ಳೆ ರೇಟ್ ಬತ್ತದೆ!” ಎಂದು ನಕ್ಕ. ಸ್ನೇಹಿತನ ಮುಖ ನೋಡಿ ನಗು ನುಂಗಿಕೊಂಡ. “ಅಳ್ಬೇಡ ಕಣ್ಲಾ. ಮೈ ಸುಟ್ಟದೆ, ಜೀವ ಸುಟ್ಟಿಲ್ಲ. ಒಳಗಿನ ಸುರುಳಿ ಸರ್ಯಾಗದೆ. ಬೇರೆ ಮೈಗೆ ಹಾಕುಮ.”

ಅಂಗಡಿಗೆ ಬೀಗ ಹಾಕಿ, ವಿ.ಸಿ.ಪಿ.ಯನ್ನು ಬಗಲಲ್ಲಿ ಇರುಕಿಕೊಂಡು ಮಾದೇಶನೂ ಬೆಟ್ಟದಪುರಕ್ಕೆ ಹೊರಟ. ಮನೆಯ ಜಗಲಿಯ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಒಂದು ಹೊಡೆದಾಟದ ಸಿನಿಮಾದ ಕ್ಯಾಸೆಟ್ಟನ್ನು ಬಿಚ್ಚಿ, ಅದರ ಸುರುಳಿ ಕಿತ್ತೆಸೆದು, ಮದುವೆಯ ಸುರುಳಿಯನ್ನು ಒಳಗೆ ಕೂರಿಸಿದರು. ಮೇಲುಗಡೆ ಕತ್ತಿ ಹಿಡಿದ ನಾಯಕನ ಚಿತ್ರ ಹಾಗೇ ಉಳಿಯಿತು. ಮದುವೆಗೆ ಅದೇನೂ ಹೊಂದದ ಚಿತ್ರವಲ್ಲ ಎಂದು ಚಿಕ್ಕಬೀರಯ್ಯ ಅಭಿಪ್ರಾಯಪಟ್ಟ.

“ಅತ್ಗೆ, ಬನ್ನಿ! ಮದ್ವೆ ಸುರುವಾಯ್ತದೆ!” ಎಂದು ಮಾದೇಶ ಚಪ್ಪರದ ಕಡೆಗೆ ಕೂಗು ಹಾಕಿದ. ಎಲೆ ಕಟ್ಟುತ್ತಿದ್ದ ಹೆಂಗಸರೆಲ್ಲ ಅಂಟಂಟು ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಪ್ರಮೀಳಾ ಕೊನೆಗೆ ಬಂದು ಬಾಗಿಲ ಹತ್ತಿರ ನಿಂತಳು. ಕೂರಲಿಲ್ಲ.

ವಿ.ಸಿ.ಪಿ.ಯಿಂದ ಒಂದು ವೈರು ರೇಡಿಯೋ ಹೊಟ್ಟೆಗೆ, ರೇಡಿಯೋ ಹೊಟ್ಟೆಯಿಂದ ಒಂದು ವೈರು ಟಿ.ವಿ.ಗೆ. ಸದ್ದಿಗೆ ಹಳೆಯ ಟೇಪ್ ರೆಕಾರ್ಡರಿನ ಸ್ಪೀಕರು. ಲಿಂಗರಾಜು ದೇವರ ಮನೆಯ ಕಡೆ ನೋಡಿ ಗುಂಡಿ ಒತ್ತಿದ.

ಬಂತು! ಮದುವೆ ಬಂತು! ಆದರೆ ಬಣ್ಣವಿಲ್ಲದೆ ಬಂತು. ಟಿ.ವಿ. ಬಣ್ಣದ್ದು, ಕ್ಯಾಸೆಟ್ಟು ಬಣ್ಣದ್ದು, ನಡುವಿನ ಕಂಪ್ಯೂಟರು ಮಾತ್ರ ಅದೇನು ಕಾರಣಕ್ಕೋ ಕಪ್ಪುಬಿಳುಪಿನ ಹಠ ಹಿಡಿದಿತ್ತು.

“ಇದೇನ್ಲಾ, ನಮ್ಮಪ್ಪನ ಕಾಲದ ಮದ್ವೆ ಆಗೋಯ್ತು?” ಎಂದ ಚಿಕ್ಕಬೀರಯ್ಯ.

“ಬಣ್ಣ ಆಮೇಲೆ ನೋಡ್ಕೊಳಮ. ಈಗ ಶಾಖ ನೋಡಪ್ಪ, ಶಾಖ!”

ಥರ್ಮಾಮೀಟರು ಏರುತ್ತಿತ್ತು. ನಿಲ್ಲಿಸುವಂತಿಲ್ಲ, ಒಂದೇ ಓಟ! ಮುದುಕ ಮೊರ ತಂದು ತನ್ನ ರೇಡಿಯೋಕ್ಕೆ ಗಾಳಿ ಬೀಸತೊಡಗಿದ. ಮದುವೆಯುದ್ದಕ್ಕೂ ಒಬ್ಬ ಮುದುಕ ಪೆಟ್ಟಿಗೆಗೆ ಚಾಮರ ಬೀಸಿದ; ಮದುಮಗನಿಗೂ ಅಷ್ಟು ಮರ್ಯಾದೆ ಆಗಿರಲಿಲ್ಲ.

ಸದ್ದೂ ಬಂತು. ಗಟ್ಟಿಮೇಳದ ಹೊತ್ತಿಗೆ ಯಾವುದೋ ಸಿನಿಮಾದ ಪ್ರೇಮಗೀತೆ. ಧಾರೆಯ ಹೊತ್ತಿಗೆ ಇನ್ನೊಂದು. ಊಟದ ಪಂಕ್ತಿಗೆ ಡಿಸ್ಕೋ. ಪುರೋಹಿತರು ಬಾಯಿ ತೆರೆದರೆ ಹೆಣ್ಣಿನ ದನಿ, ಓಲಗದವನು ಗಲ್ಲ ಉಬ್ಬಿಸಿದರೆ ಗಿಟಾರು. ಮಾದೇಶ ತೊಡೆ ತಟ್ಟುತ್ತಾ ಹಿಗ್ಗಿದ. “ಎಂಥಾ ಮಿಕ್ಸಿಂಗ್ ನೋಡ್ಲಾ! ಆ ಕಾಲ್ದಲ್ಲಿ ಮೈಸೂರ್ನವ್ರಿಗೂ ಬತ್ತಿರ್ಲಿಲ್ಲ!”

ಲಿಂಗರಾಜು ಅವನ ತೋಳು ಹಿಡಿದ. “ಮಾದೇಶ... ಈ ಸಿನಿಮಾ ಹಾಡಿನ ಕೆಳಗೆ ಅಸಲಿ ಸದ್ದು ಇರ್ತದಲ್ವೇನ್ಲಾ?”

“ಅಸಲಿ ಸದ್ದಾ? ಅದ್ಯಾಕ್ಲಾ? ಬರೀ ಎಂಗಸ್ರ ಗಲಾಟೆ. ಅಳಿಸ್ಬುಟ್ಟೆ.”

ಎಲ್ಲರೂ ಬಾಗಿಲ ಕಡೆ ನೋಡಿದರು. ಮಾದೇಶನಿಗೆ ತಾನೇನೋ ಅಂದೆ ಎಂದು ಗೊತ್ತಾಯಿತು, ಏನು ಎಂದು ಗೊತ್ತಾಗಲಿಲ್ಲ. “ಎಲ್ರಿಗೂ ಅಂಗೇ ಮಾಡ್ತಿದ್ದೆ ಅತ್ಗೆ,” ಎಂದು ತೊದಲಿದ. “ಜನ ಅದ್ನೇ ಕೇಳೋರು...”

ಪ್ರಮೀಳಾ ಅವನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಟಿ.ವಿ.ಯಲ್ಲಿ ಬೀಚನಹಳ್ಳಿಯ ಮನೆಯ ಹೊಸಿಲು ಬಂದಿತ್ತು. ಹೊಸಿಲಿನ ಈಚೆ ಮೊಗ್ಗಿನ ಜಡೆಯ ಹುಡುಗಿ ಬಾಯಿ ಅಗಲ ಮಾಡಿ ಅಳುತ್ತಿದ್ದಳು. ಅವಳ ಹಿಂದೆ, ಬಾಗಿಲುವಾಡಕ್ಕೆ ಕೈ ಕೊಟ್ಟು, ದೊಡ್ಡಮಾದಮ್ಮ. ಕಪ್ಪುಬಿಳುಪಿನಲ್ಲಿ, ಎಲ್ಲರಿಗಿಂತ ಎತ್ತರಕ್ಕೆ, ಜೀವಂತ.

“ಸದ್ದು ತೆಗೀರಿ,” ಎಂದಳು ಪ್ರಮೀಳಾ.

ಲಿಂಗರಾಜು ಸ್ಪೀಕರಿನ ವೈರನ್ನೇ ಕಿತ್ತ. ಪ್ರೇಮಗೀತೆ ನಿಂತಿತು. ಈಗ ಮೂಕಚಿತ್ರ. ದೊಡ್ಡಮಾದಮ್ಮನ ತುಟಿ ಅಲುಗಿತು. ನಿಂತಿತು. ಹಾಡುಗಾರರು ಕಿವಿಯ ಬಳಿ ಕೈ ಒಯ್ಯುವಂತೆ ಆಕೆಯ ಕೈ ಮುಖದ ಹತ್ತಿರ ಹೋಗಿ ಬಂತು. ಮತ್ತೆ ತುಟಿ ಅಲುಗಿತು. ಈ ಸಲ ಬಹಳ ಹೊತ್ತು.

“ಅದೇ! ಅದೇ ಮೂರನೇದು!” ಲಿಂಗರಾಜು ಕಿರುಚಿದ. ಓಟ ಮುಗಿಯುವವರೆಗೂ ಉಸಿರು ಹಿಡಿದು ಕಾದ. ಕ್ಯಾಸೆಟ್ಟು ಕೊನೆಗೆ ಬಂದು ಟಕ್ಕೆಂದಿತು. ರೇಡಿಯೋ ಹೊಟ್ಟೆಯೊಳಗೆ ಮದುವೆ ಪೂರ್ತಿ ಇಳಿದಿತ್ತು! ಚಿಕ್ಕಬೀರಯ್ಯ ಮೊರ ಕೆಳಗಿಟ್ಟು ತನಗೇ ಗಾಳಿ ಬೀಸಿಕೊಂಡ.

ಈಗ ಬೇಕಾದ ಕಡೆ ನಿಲ್ಲಿಸಬಹುದು. ಲಿಂಗರಾಜು ಮೌಸು ಹಿಡಿದು ಹೊಸಿಲಿಗೆ ಬಂದ. ದೊಡ್ಡಮಾದಮ್ಮನ ತುಟಿಯನ್ನು ನಿಧಾನ ಮಾಡಿದ, ಹಿಂದಕ್ಕೆ ಎಳೆದ, ಮತ್ತೆ ಬಿಟ್ಟ. ದನಿಯಿಲ್ಲದಿದ್ದರೇನು? ಸೈನ್ಸಿದೆ! ತುಟಿಯಿಂದಲೇ ಅಕ್ಷರ ಹಿಡಿಯಬಹುದು! ಹೆಂಗಸರೆಲ್ಲ ಟಿ.ವಿ.ಗೆ ಮುಖ ಒತ್ತಿ ಕುಳಿತರು.

“ಮತ್ತೆ ಬಾರೇ ಮಗಳೆ ಅಂತವ್ರೆ ಕಣ್ರವ್ವ. ತುಟಿ ಮುಚ್ಚಿತಲ್ಲ, ಅದು ‘ಮ’ ಕಾರ.”

“ಇಲ್ಲ ಕಣಕ್ಕ,” ಎಂದಳು ಮಂಚಯ್ಯನ ಹೆಂಡತಿ. “ತೊಟ್ಟಿಲು ಕಟ್ಟಾಕೆ ಬತ್ತೀನಿ ಅಂತವ್ರೆ. ನೋಡು, ಗಲ್ಲ ಒಳೀಕೆ ಓಯ್ತು.”

“ಊಟ ಆಯ್ತಾ ಅಂತವ್ಳೆ ಕಣ್ರೆ, ಬೀಗಿತ್ತಿ ನನ್ನ ಕಂಡಾಗೆಲ್ಲ ಅದ್ನೇ ಕೇಳೋಳು,” ಎಂದ ಚಿಕ್ಕಬೀರಯ್ಯ.

ಒಬ್ಬಳು ಒಂದು ಸಾಲು ಕಟ್ಟಿ ತುಟಿಗೆ ಹೊಂದಿಸಿ ಹಾಡಿದಳು. ಇನ್ನೊಬ್ಬಳು ಬೇರೆ ಕಟ್ಟಿದಳು. ಮತ್ತೊಬ್ಬಳು ಅದಕ್ಕೆ ದನಿಗೂಡಿಸಿದಳು. ಸೋಬಾನೆ ಮನೆ ತುಂಬಿತು. ದೊಡ್ಡಮಾದಮ್ಮ ಎಲ್ಲರ ಹಾಡಿಗೂ ಅಷ್ಟೇ ಚೆನ್ನಾಗಿ ತುಟಿ ಅಲುಗಿಸಿದಳು. ಹಾಡುತ್ತಾ ಹಾಡುತ್ತಾ ಹೆಂಗಸರಿಗೆ ತಂತಮ್ಮ ಹೊಸಿಲು, ತಂತಮ್ಮ ಅವ್ವಂದಿರು ನೆನಪಾಗಿ ಒಬ್ಬೊಬ್ಬರೇ ಮೂಗು ಒರೆಸಿಕೊಳ್ಳತೊಡಗಿದರು. ಡಿಸ್ಕೋ ಮಿಕ್ಸಿಂಗಿನ ಮಾದೇಶನ ಕಣ್ಣೂ ಒದ್ದೆ. ಲಿಂಗರಾಜುವಿನದಂತೂ ಕೇಳುವಂತೆಯೇ ಇರಲಿಲ್ಲ.

ಪ್ರಮೀಳಾ ಯಾವಾಗಲೋ ಬಾಗಿಲು ಬಿಟ್ಟು ಬಂದು ಟಿ.ವಿ. ಮುಂದೆ ಕುಳಿತಿದ್ದಳು. ಹಾಡಲಿಲ್ಲ, ಅಳಲಿಲ್ಲ. “ಇನ್ನೊಂದ್ಸಲ,” ಎಂದಳು. ಲಿಂಗರಾಜು ಹಿಂದಕ್ಕೆ ಎಳೆದ. “ಇನ್ನೊಂದ್ಸಲ.” ಮತ್ತೆ ಎಳೆದ. ಅವ್ವನ ಕೈ ಮುಖದ ಹತ್ತಿರ ಹೋಗುವ ಕಡೆ ಅವಳು ಪ್ರತಿ ಸಲವೂ ಮುಂದಕ್ಕೆ ಬಾಗುತ್ತಿದ್ದಳು. ಬಾಗಿ ಬಾಗಿ, ಕೊನೆಗೆ ಅವಳ ಹಣೆ ಗಾಜಿಗೆ ತಾಗುವಷ್ಟು ಹತ್ತಿರವಾಯಿತು. ಆಮೇಲೆ ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಮದುವೆಯ ಹೊಸತರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳಲ್ಲ, ಆ ನಗು ಬಂತು.

ಲಿಂಗರಾಜು ಮೌಸು ಬಿಟ್ಟ. ಜಿರಲೆ, ಬೂಷ್ಟು, ಬ್ಯಾರನ್ನು ಎಲ್ಲ ಪಾವನವಾದವು ಅನಿಸಿತು. ಗೆದ್ದೆ! ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಆದರೂ ಮೆಲ್ಲಗೆ ಕೇಳಿದ:

“ಗೊತ್ತಾಯ್ತೇನೆ, ಪ್ರಮೀಳಾ? ಮೂರನೇ ಸಾಲು ಏನಂತ ಹಾಡವ್ರೆ ನಿಮ್ಮವ್ವ?”

ಹೆಂಗಸರು ಹಾಡು ನಿಲ್ಲಿಸಿದರು. ಪ್ರಮೀಳಾ ಟಿ.ವಿ.ಯಿಂದ ಕಣ್ಣು ತೆಗೆಯದೆ, ಸೆರಗಿನಲ್ಲಿ ಗಾಜು ಒರೆಸುತ್ತಾ ಹೇಳಿದಳು:

“ಹಾಡೇ ಇಲ್ಲ ಕಣ್ರೀ. ಎರಡಕ್ಕೇ ನಿಲ್ಸಿ ಎಲೆಅಡ್ಕೆ ಬಾಯಿಗಾಕ್ಕೊಂಡವ್ಳೆ!”